ಬೆಳಕಿಗೆ ಹಿಡಿದ ಊರು

ಹಾಯಿ ಗಾಳಿ ಹಿಡಿದ ಕೂಡಲೇ ದೋಣಿ ಮೈಕೊಡವಿ ಎದ್ದಂತಾಯಿತು. ತಂಗಿ ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಳು. ಅಕ್ಕ ಮಾತ್ರ ತೊಡೆಯ ಮೇಲಿನ ರಟ್ಟಿನ ಕಟ್ಟನ್ನು ಎದೆಗವಚಿಕೊಂಡು ತಲೆಯೆತ್ತಿ ನೋಡಿದಳು. ಇಷ್ಟು ಹೊತ್ತು ಜೋತುಬಿದ್ದಿದ್ದ ಬಟ್ಟೆ ಈಗ ತುಂಬಿ ಬಿಗಿದು ನಿಂತಿತ್ತು. ಕಣ್ಣಿಗೆ ಕಾಣದ್ದೊಂದು ದೋಣಿಯವನೂ ಸೇರಿ ಮೂವರನ್ನೂ ಇಷ್ಟು ದೊಡ್ಡ ಮರದ ದೋಣಿಯನ್ನೂ ಎಳೆದುಕೊಂಡು ಹೋಗುತ್ತಿದೆಯಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ದೇವರು ಇದ್ದಾನೆಯೇ ಎಂದು ಕೇಳುವವರನ್ನು ಒಮ್ಮೆ ಇಲ್ಲಿ ತಂದು ಕೂರಿಸಬೇಕು ಎಂದುಕೊಂಡಳು.

"ಕಣ್ಣು ತೆಗಿಯೇ. ನೀರು ಕಚ್ಚಲ್ಲ."

"ಕಚ್ಚಲ್ಲ ಕಣಕ್ಕ, ನುಂಗುತ್ತೆ. ಲಾಂಚ್‌ನಲ್ಲಿ ಹೋಗೋಣ ಅಂತ ಬಡ್ಕೊಂಡೆ. ಕುರ್ಚಿ ಇತ್ತು, ಮೇಲೆ ಚಾವಣಿ ಇತ್ತು, ಚಹಾನೂ ಕೊಡ್ತಾರಂತೆ. ನಿನಗೆ ಇದೇ ಬೇಕಾಯ್ತು, ಬಟ್ಟೆ ಒಣಹಾಕಿದ ದೋಣಿ."

ಹಿಂದೆ ಚುಕ್ಕಾಣಿ ಹಿಡಿದು ಕುಳಿತಿದ್ದ ದೋಣಿಯವನು ನಕ್ಕ. ಐವತ್ತರ ಆಸುಪಾಸಿನ ಆಳು. ಇಡೀ ದೋಣಿಯನ್ನು ಇಬ್ಬರು ಮುದುಕಿಯರಿಗೆಂದೇ ಹೊರಡಿಸಿದ್ದು ಅವನಿಗೂ ಹೊಸದು.

"ಲಾಂಚ್ ನಿಲ್ಲಲ್ಲ ತಾಯಿ. ಊರ ಮುಂದೆ ಹಾಗೇ ಹೊರಟುಹೋಗುತ್ತೆ. ಇದು ನೀವು ನಿಲ್ಲು ಅಂದ ಕಡೆ ನಿಲ್ಲುತ್ತೆ, ಗಾಳಿ ಒಪ್ಪಿದ್ರೆ."

"ಒಪ್ಪದಿದ್ರೆ?"

"ಒಪ್ಪೋವರೆಗೂ ನಿಲ್ಲುತ್ತೆ."

"ಕೇಳಿದ್ಯಾ ಅಕ್ಕ?" ಎಂದಳು ತಂಗಿ. ಕಣ್ಣು ಮಾತ್ರ ತೆರೆಯಲಿಲ್ಲ.

ಅಕ್ಕನಿಗೆ ಅರವತ್ತೆಂಟು. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೂ ಮೂವತ್ತು ವರ್ಷ ದುಡಿದ ಅಚ್ಚುಕೂಟದಲ್ಲಿ ಎಲ್ಲರಿಗೂ ಅವಳು ಮುತ್ತಿನಮ್ಮ. ಪಠ್ಯಪುಸ್ತಕಗಳ ಪುಟಗಳಲ್ಲಿ ಚಿತ್ರದ ಫಿಲ್ಮುಗಳನ್ನು ಜೋಡಿಸಿ ಅಂಟಿಸುವುದು ಅವಳ ಕೆಲಸ. ಫಿಲ್ಮಿಗೆ ಎರಡು ಬದಿ, ಒಂದು ಹೊಳೆಯುವುದು, ಇನ್ನೊಂದು ಮಂಕು. ಯಾವುದು ಯಾವುದೆಂದು ಕಣ್ಣಿಗೆ ಸಂಶಯ ಬಂದರೆ ಮೂಲೆಯನ್ನು ಒದ್ದೆ ತುಟಿಗೆ ಒತ್ತಿ ನೋಡಬೇಕು. ಮಂಕು ಬದಿ ತುಟಿಗೆ ಅಂಟುತ್ತದೆ, ಹೊಳೆಯುವ ಬದಿ ಜಾರುತ್ತದೆ. ದಿನಕ್ಕೆ ನೂರು ಸಲ ಹಾಗೆ ತುಟಿಗೆ ಒತ್ತುತ್ತಿದ್ದ ಹೆಂಗಸಿಗೆ ಆ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವಿರಲಿಲ್ಲ. ಹೆಸರಿಟ್ಟವನು ಕ್ಯಾಮೆರಾ ಕೋಣೆಯ ಮುಖ್ಯಸ್ಥ, ಅವಳ ಗಂಡ. "ನನ್ನನ್ನ ಬಿಟ್ಟು ಎಲ್ಲಾ ಫಿಲ್ಮಿಗೂ ಕೊಡ್ತಾಳೆ" ಎಂದು ಅವನು ಎಲ್ಲರೆದುರು ಹೇಳಿದಾಗ ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಅವನು ಹೋಗಿ ಎಂಟು ತಿಂಗಳಾಗಿತ್ತು.

ಅಕ್ಷರದ ಫಿಲ್ಮು ತಿರುಗಿ ಬಿದ್ದರೆ ಓದು ಬಂದ ಯಾರಿಗಾದರೂ ತಿಳಿಯುತ್ತದೆ. ಚಿತ್ರ ತಿರುಗಿ ಬಿದ್ದರೆ ತಿಳಿಯುವುದಿಲ್ಲ. ಹಸು ಎಡಕ್ಕೆ ನೋಡಿದರೂ ಹಸುವೇ, ಬಲಕ್ಕೆ ನೋಡಿದರೂ ಹಸುವೇ. ಆದರೆ ಊರು ಹಾಗಲ್ಲ. ನಾಲ್ಕನೆಯ ತರಗತಿಯ ಚರಿತ್ರೆ ಪುಸ್ತಕದಲ್ಲಿ ನದೀತೀರದ ಹಳೆಯ ರಾಜಧಾನಿಯ ಚಿತ್ರವೊಂದು ಬಂದಿತ್ತು. ಎಡಗಡೆ ಎತ್ತರದ ಗಂಟೆಗೋಪುರ, ಬಲಗಡೆ ಮೂರು ಗುಮ್ಮಟ, ನಡುವೆ ನೀರಿನವರೆಗೆ ಇಳಿದ ಮೆಟ್ಟಿಲು. ನಲವತ್ತು ಸಾವಿರ ಪ್ರತಿ ಅಚ್ಚಾಗಿ ಶಾಲೆಗಳಿಗೆ ಹೋದ ಮೇಲೆ ಆ ಊರಿನಿಂದ ಒಂದು ಪತ್ರ ಬಂತು: ನಮ್ಮ ಗೋಪುರವನ್ನು ಆ ಕಡೆಯಿಂದ ಈ ಕಡೆಗೆ ಎತ್ತಿಟ್ಟ ಮಹಾನುಭಾವರು ಯಾರು?

ವ್ಯವಸ್ಥಾಪಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಾಗ ಗಂಡ ಒಂದು ಹೆಜ್ಜೆ ಮುಂದೆ ಬಂದು, "ಕ್ಯಾಮೆರಾದಲ್ಲೇ ತಿರುಗಿದೆ ಸಾರ್, ನನ್ನದೇ" ಎಂದ. ಮರುದಿನದಿಂದ ಅವನಿಗೆ ಕಾಗದದ ಉಗ್ರಾಣ. ಬೆಳಕು ಆಡಿಸುವ ಮನುಷ್ಯ ಹದಿನಾಲ್ಕು ವರ್ಷ ಕಿಟಕಿಯಿಲ್ಲದ ಕೋಣೆಯಲ್ಲಿ ರೀಮು ಎಣಿಸಿದ.

"ನಿಜವಾಗ್ಲೂ ತಿರುಗಿತ್ತಾ?" ಎಂದು ಅವಳು ಒಮ್ಮೆ ಮಾತ್ರ ಕೇಳಿದ್ದಳು.

"ಏನೂ ತಿರುಗಿಲ್ಲ ಕಣೆ. ಊರು ಇರೋದೇ ಹಾಗೆ. ಆ ಪತ್ರ ಬರೆದವನಿಗೆ ಎಡ ಬಲ ಗೊತ್ತಿಲ್ಲ. ಜಗಳ ಯಾಕೆ ಅಂತ ಒಪ್ಕೊಂಡೆ, ಅಷ್ಟೆ. ಒಂದಿನ ಹಾಯಿದೋಣಿ ಮಾಡಿಕೊಂಡು ಹೋಗೋಣ, ನೀನೇ ನೋಡು."

ಆ ಒಂದು ದಿನ ಬರಲಿಲ್ಲ. ಅವಳೂ ಒತ್ತಾಯಿಸಲಿಲ್ಲ. ಎಲ್ಲಾದರೂ ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ಆ ಊರಿನ ಚಿತ್ರ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಂಗಿ, "ಫೋನಲ್ಲಿ ಒಂದು ನಿಮಿಷಕ್ಕೆ ತೋರಿಸ್ತಾರೆ, ಅದಕ್ಕೆ ನದಿ ಯಾಕೆ ದಾಟಬೇಕು" ಎಂದಿದ್ದಳು. "ಚಿತ್ರ ನೋಡಿ ಚಿತ್ರದ ತಪ್ಪು ಹಿಡಿಯೋಕಾಗುತ್ತಾ? ಅದನ್ನೂ ಯಾರಾದರೂ ತಿರುಗಿಸಿ ಹಾಕಿದ್ದರೆ? ಮೂವತ್ತು ವರ್ಷ ಅದರಲ್ಲೇ ಇದ್ದವಳು ನಾನು. ಚಿತ್ರ ನಂಬಲ್ಲ" ಎಂದು ಇವಳು ಹಟ ಹಿಡಿದಿದ್ದಳು. ಊರೊಳಗಿಂದ ನೋಡಿದರೆ ಸಾಲದು. ಚಿತ್ರ ತೆಗೆದವನು ಕುಳಿತಲ್ಲೇ, ನಡುನೀರಿನಲ್ಲೇ, ಕೂತು ನೋಡಬೇಕಿತ್ತು. ಚಿತ್ರದ ಮೂಲೆಯಲ್ಲಿ ಒಂದು ಹಾಯಿಯ ಹಗ್ಗವಿತ್ತಲ್ಲ.

ದೋಣಿಯವನು ಕಟ್ಟಿನ ಕಡೆ ಕಣ್ಣು ಹಾಯಿಸಿದ. "ಅದೇನು ತಾಯಿ, ಅಷ್ಟು ಜೋಪಾನ?"

ಅವಳು ದಾರ ಬಿಚ್ಚಿ, ಎರಡು ರಟ್ಟುಗಳ ನಡುವಿನಿಂದ ಹಾಳೆಯನ್ನು ತೆಗೆದು ಅವನ ಕಡೆ ಹಿಡಿದಳು. ಪುಸ್ತಕ ಅಚ್ಚಾಗುವ ಮೊದಲು ತಪ್ಪು ನೋಡಲೆಂದು ಒಂದೇ ಬದಿ ಅಚ್ಚು ತೆಗೆದ ಹಾಳೆ. ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಊರ ಹೆಸರು. ಗಂಡ ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟು ಆಗಾಗ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಚಿತ್ರ ಹೊರಗೆ, ಖಾಲಿ ಬೆನ್ನು ತನ್ನ ಕಡೆ. "ಹಿಂದುಮುಂದು ಹಿಡಿದಿದ್ದೀರಿ" ಎಂದು ಅವಳು ಗೇಲಿ ಮಾಡಿದರೆ, "ಕಾಗದದ ನಾರು ನೋಡ್ತಿದ್ದೀನಿ. ಉಗ್ರಾಣದವನಿಗೆ ಅದೇ ತಾನೆ ಗೊತ್ತಿರೋದು" ಎನ್ನುತ್ತಿದ್ದ.

ದೋಣಿಯವನು ಹಾಳೆಯತ್ತ ಬಾಗಿದ. ನೋಡಿದ. ಬಾಯಿ ತೆರೆದ.

"ಹೇಳಬೇಡಪ್ಪ," ಎಂದಳು ಮುತ್ತಿನಮ್ಮ. "ಸರಿಯೋ ತಪ್ಪೋ, ನೀನು ಹೇಳಬೇಡ. ನಾನೇ ನೋಡ್ತೀನಿ."

ಅವನು ಬಾಯಿ ಮುಚ್ಚಿ, ಬಿಗಿಯಾಗಿಯೇ ಇದ್ದ ಹಗ್ಗವನ್ನು ಇನ್ನೊಮ್ಮೆ ಬಿಗಿದ.

"ಮುಖ ಯಾಕಪ್ಪಾ ಹಾಗೆ ಮಾಡ್ದೆ?" ಎಂದಳು ತಂಗಿ. ಈ ಹೊತ್ತಿಗೆ ಅವಳ ಒಂದು ಕಣ್ಣು ತೆರೆದಿತ್ತು.

"ಗಾಳಿ ತಾಯಿ."

ನದಿ ಅಗಲವಾಗುತ್ತ ಹೋಯಿತು. ದಡದ ಮರಗಳು ಹುಲ್ಲಿನಷ್ಟಾದವು. ಮಂಜು ನೀರಿನ ಮೇಲೆ ಇನ್ನೂ ಹಾಸಿಕೊಂಡಿತ್ತು. ದೋಣಿ ಅದನ್ನು ಸೀಳಿಕೊಂಡು ಸದ್ದಿಲ್ಲದೆ ಸಾಗುತ್ತಿದ್ದರೆ, ತಾವು ಹೋಗುತ್ತಿದ್ದೇವೋ ಲೋಕವೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ತಂಗಿಯೂ ಸುಮ್ಮನಾಗಿದ್ದಳು. ಅವಳು ಸುಮ್ಮನಾಗುವುದು ಅಪರೂಪ.

ತಿರುವು ಹತ್ತಿರ ಬಂದಾಗ ಹಿಂದಿನಿಂದ ಲಾಂಚ್ ಬಂತು. ಧ್ವನಿವರ್ಧಕದಲ್ಲಿ ಒಬ್ಬ ಕೂಗುತ್ತಿದ್ದ: "ಈಗ ನಾವು ಹಳೆಯ ರಾಜಧಾನಿಯನ್ನು ಸಮೀಪಿಸುತ್ತಿದ್ದೇವೆ. ಎಲ್ಲರೂ ಸಿದ್ಧರಾಗಿ. ನಿಮ್ಮ ಎಡಕ್ಕೆ ಮೊದಲು ಕಾಣುವುದೇ…"

ತಂಗಿ ತಟಕ್ಕನೆ ನೆಟ್ಟಗೆ ಕುಳಿತು, ದೊಡ್ಡ ದನಿ ತೆಗೆದು ಜೋಗುಳ ಹಾಡತೊಡಗಿದಳು. ಶ್ರುತಿಯೂ ಇಲ್ಲ, ಲಯವೂ ಇಲ್ಲ. ಲಾಂಚಿನವರು ಕಟಕಟೆಗೆ ಬಂದು ಬಗ್ಗಿ ನೋಡಿದರು. ಒಬ್ಬರು ಫೋನ್ ಎತ್ತಿ ಹಿಡಿದರು. ಲಾಂಚ್ ತಿರುವಿನಲ್ಲಿ ಮರೆಯಾಗಿ ಕೂಗು ಪೂರ್ತಿ ಅಡಗುವವರೆಗೂ ಅವಳು ನಿಲ್ಲಿಸಲಿಲ್ಲ.

"ಕೇಳಿಸಿತಾ?" ಎಂದು ಏದುಸಿರಿನಲ್ಲಿ ಕೇಳಿದಳು.

"ನಿನ್ನ ಹಾಡು ಬಿಟ್ಟು ಬೇರೇನೂ ಕೇಳಿಸಲಿಲ್ಲ."

"ಅಷ್ಟೇ ಬೇಕಾಗಿತ್ತು. ಮಗು ಮಲಗಿದ್ದರೆ ಎದ್ದು ಓಡಿಹೋಗ್ತಿತ್ತು."

ಅಂದ ಮೇಲೆ ತಂಗಿ ತುಟಿ ಕಚ್ಚಿಕೊಂಡಳು. ಅಕ್ಕನ ಮುಂದೆ ಮಗುವಿನ ಮಾತು ತೆಗೆಯುತ್ತಿರಲಿಲ್ಲ. ಮುತ್ತಿನಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟಳು, ಪರವಾಗಿಲ್ಲ ಎನ್ನುವಂತೆ.

"ಇದೇ ತಿರುವು," ಎಂದ ದೋಣಿಯವನು.

ಅವಳು ಕಣ್ಣು ಮುಚ್ಚಿ ಕೈಮುಗಿದಳು. ದೇವರಲ್ಲಿ ಏನು ಬೇಡಬೇಕೆಂದು ಹೊಳೆಯಲಿಲ್ಲ. ಗೋಪುರ ಎಡಕ್ಕಿರಲಿ ಎಂದು ಬೇಡಿದರೆ, ನೂರಾರು ವರ್ಷದಿಂದ ನಿಂತ ಗೋಪುರವನ್ನು ತನಗೋಸ್ಕರ ಸರಿಸು ಎಂದಂತೆ. ಸುಮ್ಮನೆ ದೇವರ ಹೆಸರು ಹೇಳಿಕೊಂಡಳು. ಹಾಯಿ ಒಮ್ಮೆ ಪಟಪಟ ಬಡಿದುಕೊಂಡು ಸುಮ್ಮನಾಯಿತು. ಲಂಗರು ನೀರಿಗೆ ಬಿದ್ದ ಸದ್ದಾಯಿತು. ದೋಣಿಯ ತೂಗಾಟ ನಿಂತ ಮೇಲೆ ಅವಳು ಕಣ್ಣು ತೆರೆದಳು.

ಊರು ಮಂಜಿನಿಂದ ಮೇಲಕ್ಕೆ ಎದ್ದು ನಿಂತಿತ್ತು. ಬುಡ ಕಾಣುತ್ತಿರಲಿಲ್ಲ. ಮೊದಲು ಗೋಡೆಗಳು, ಗೋಡೆಗಳ ಮೇಲೆ ಗೋಡೆಗಳು, ಅವುಗಳ ಮೇಲೆ ಕಮಾನುಗಳ ಸಾಲು, ಅದಕ್ಕೂ ಮೇಲೆ ಬೆಳಕಿನಲ್ಲಿ ತೇಲುವಂತೆ ಗುಮ್ಮಟಗಳು. ಸೂರ್ಯ ಅದರ ಬೆನ್ನ ಹಿಂದಿನ ಗುಡ್ಡವನ್ನು ಆಗತಾನೆ ದಾಟಿದ್ದ; ಒಂದೊಂದು ಕಲ್ಲಿನ ಅಂಚಿಗೂ ಹೊನ್ನಿನ ಎಳೆ ಬಂದಿತ್ತು. ಮೆಟ್ಟಿಲುಗಳು ಇಳಿಯುತ್ತ, ಇಳಿಯುತ್ತ ಮಂಜಿನೊಳಗೆ ಹೋಗಿ, ಅಲ್ಲಿಂದ ನೀರಿನೊಳಗೆ ಇಳಿದು, ನೆರಳಾಗಿ ಇನ್ನೂ ಇಳಿಯುತ್ತಲೇ ಇದ್ದವು. ಎಷ್ಟು ಜನ ಕಲ್ಲು ಹೊತ್ತಿರಬೇಕು, ಎಷ್ಟು ಜನ ಇದರ ಮೇಲೆ ನಡೆದು ಮಣ್ಣಾಗಿರಬೇಕು. ಅವರೆಲ್ಲರ ಮನೆಯಲ್ಲೂ ಒಂದೊಂದು ಮಗು ಜ್ವರದಲ್ಲಿ ಮಲಗಿರಬೇಕು. ಊರು ಎಲ್ಲವನ್ನೂ ನೋಡಿ ಹೀಗೆ ಸುಮ್ಮನೆ ನಿಂತಿದೆ. ಅಂಗೈ ಅಗಲದ ಚಿತ್ರದಲ್ಲಿ ನಲವತ್ತು ವರ್ಷ ತಾನು ಹೆದರಿದ್ದು ಇದಕ್ಕೇನು? ಎಡ ಬಲ ಎನ್ನುವುದೇ ಅವಳ ತಲೆಯಿಂದ ಹೋಗಿತ್ತು.

ಆಗ ಗಂಟೆ ಹೊಡೆಯಿತು. ಸದ್ದು ನೀರಿನ ಮೇಲೆ ಹಾಯ್ದು ಬಂದು ದೋಣಿಯ ಹಲಗೆಯನ್ನು ನಡುಗಿಸಿತು. ಸದ್ದು ಬಂದ ಕಡೆ ಅವಳು ತಿರುಗಿದಳು. ಬಲಕ್ಕೆ ತಿರುಗಿದಳು.

ಗೋಪುರ ಬಲಗಡೆ ಇತ್ತು. ಗುಮ್ಮಟಗಳು ಎಡಗಡೆ.

ತಂಗಿ ಹಾಳೆಯನ್ನೂ ಊರನ್ನೂ ಎರಡು ಸಲ ನೋಡಿದಳು. ಮೆಲ್ಲಗೆ, "ಬೇರೆ ಕಡೆಯಿಂದ ನೋಡಿದರೆ ಚಿತ್ರದಲ್ಲಿರೋ ಹಾಗೇ ಕಾಣಬಹುದೇನೋ ಅಕ್ಕ," ಎಂದು ದೋಣಿಯವನ ಕಡೆ ನೋಡಿದಳು, ಹೌದೆನ್ನು ಎನ್ನುವಂತೆ.

ಅವನು ತಲೆ ತಗ್ಗಿಸಿದ. "ಈ ಊರಿಗೆ ಮುಖ ಒಂದೇ ತಾಯಿ. ಹಿಂದೆಲ್ಲ ಗುಡ್ಡ."

ಮುತ್ತಿನಮ್ಮ ಹಾಳೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು. ಆಮೇಲೆ ಮಾತಾಡಿದಾಗ ದನಿ ಸಾಮಾನ್ಯವಾಗಿತ್ತು, ಸಂತೆಯಿಂದ ಏನು ತಂದೆ ಎಂದು ಹೇಳುವಷ್ಟು ಸಾಮಾನ್ಯ.

"ಮಗು ಹೋಗಿ ಇಪ್ಪತ್ತಾರು ದಿನ ಆಗಿತ್ತು. ಮನೇಲಿ ಕೂರೋಕಾಗದೆ ಕೆಲಸಕ್ಕೆ ಹೋದೆ. ಈ ಫಿಲ್ಮು ಕೈಗೆ ಬಂತು. ಮೆಟ್ಟಿಲು ನೋಡಿದೆ. ಅವಳಿಗೆ ಮೆಟ್ಟಿಲು ಹತ್ತೋದು ಅಂದ್ರೆ ಪ್ರಾಣ ಅಲ್ವಾ, ಎಣಿಸಿಕೊಂಡು ಹತ್ತೋಳು. ಕಣ್ಣಲ್ಲಿ ನೀರು ಬಂದು ಬಾಯಿಗೆಲ್ಲ ಇಳಿದಿತ್ತು. ತುಟಿಗೆ ಒತ್ತಿದೆ, ಅಂಟಿತು. ತಿರುಗಿಸಿ ಒತ್ತಿದೆ, ಅದೂ ಅಂಟಿತು. ಎರಡೂ ಅಂಟಿತು ಕಣೆ. ಯಾರನ್ನೂ ಕೇಳಲಿಲ್ಲ. ಯಾವುದೋ ಒಂದು ಬದಿ ಹಾಕಿಬಿಟ್ಟೆ."

ತಂಗಿ ಅವಳ ಮುಖವನ್ನೇ ನೋಡುತ್ತಿದ್ದಳು. "ಭಾವನಿಗೆ ಹೇಳಿದ್ಯಾ?"

"ಇಲ್ಲ."

"ಗೊತ್ತಿತ್ತಾ ಅವರಿಗೆ?"

"ಊರು ಇರೋದೇ ಹಾಗೆ ಅಂತಿದ್ರು. ನಂಬಿದ್ರೋ, ನನ್ನನ್ನ ನಂಬಿಸಿದ್ರೋ."

ಅವಳು ತಂಗಿಯ ಹೆಗಲು ಹಿಡಿದು ಎದ್ದು ನಿಂತಳು. ದೋಣಿ ಸ್ವಲ್ಪ ವಾಲಿತು. ದೋಣಿಯವನು ಏನೋ ಹೇಳಹೊರಟವನು ಹೇಳದೆ ತಾನೇ ಇನ್ನೊಂದು ಬದಿಗೆ ಸರಿದು ಕುಳಿತ. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ, ಚಿತ್ರದ ಮುಖವನ್ನು ಊರಿನ ಕಡೆಗೆ ತಿರುಗಿಸಿ ಹಿಡಿದಳು. ತಪ್ಪು ಮಾಡಿದವರು ಹಿರಿಯರ ಮುಂದೆ ನಿಂತು ತೋರಿಸುವ ಹಾಗೆ, ನೋಡು, ನಿನಗೆ ನಾನು ಮಾಡಿದ್ದು ಇದು ಎನ್ನುವ ಹಾಗೆ.

ಗುಡ್ಡದ ಮೇಲಿನ ಸೂರ್ಯನ ಬೆಳಕು ಹಳದಿಗಟ್ಟಿದ ಆ ತೆಳುಹಾಳೆಯನ್ನು ಹೊಕ್ಕು ಅವಳ ಕಡೆಗೆ ಬಂತು.

ಖಾಲಿ ಬೆನ್ನಿನ ಮೇಲೆ ಊರು ಮೂಡಿತು. ಬಲಗಡೆ ಗೋಪುರ. ಎಡಗಡೆ ಮೂರು ಗುಮ್ಮಟ. ಹಾಳೆಯ ಅಂಚಿನಾಚೆ ನಿಜವಾದ ಗೋಡೆಗಳು ಎಲ್ಲಿ ನಿಂತಿದ್ದವೋ ಅಲ್ಲಿಂದಲೇ ಗೆರೆಗಳು ಒಳಗೆ ಬಂದಂತಿದ್ದವು. ಕೆಳಗಿನ ಹೆಸರಿನ ಅಕ್ಷರಗಳು ಹಿಂದುಮುಂದಾಗಿದ್ದವು; ಊರು ಮಾತ್ರ ಇರುವ ಹಾಗೆಯೇ ಇತ್ತು.

ಕಿಟಕಿಯ ಬಳಿಯ ಕುರ್ಚಿ, ಮೇಲೆತ್ತಿದ ಎರಡು ಕೈ, ಬೆಳಕಿನಲ್ಲಿ ಅರೆಮುಚ್ಚಿದ ಕಣ್ಣು ಅವಳಿಗೆ ಕಂಡವು.

"ನಾರು ನೋಡ್ತಿದ್ದರಂತೆ," ಎಂದಳು. ಯಾರಿಗೆಂದು ಹೇಳಲಿಲ್ಲ.

"ಏನಕ್ಕ?"

"ಇಲ್ಲಿ ಬಾ. ನನ್ನ ಹಿಂದೆ ನಿಂತು ನೋಡು."

ನೀರಿಗೆ ಹೆದರುವ ತಂಗಿ ಎದ್ದು ಬಂದಳು. ಅಕ್ಕನ ಹೆಗಲ ಮೇಲಿಂದ ನೋಡಿದಳು. ಅಕ್ಕನ ಆಚೀಚೆಯಿಂದ ಎರಡೂ ಕೈ ಚಾಚಿ ಹಾಳೆಯ ಕೆಳಗಿನ ಎರಡು ಮೂಲೆಗಳನ್ನು ತಾನು ಹಿಡಿದುಕೊಂಡಳು.

ಮಂಜು ಕರಗತೊಡಗಿತ್ತು. ಮೆಟ್ಟಿಲುಗಳು ಕೆಳಗಿನವು ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಮುತ್ತಿನಮ್ಮನ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳೋ ಪ್ರಾರ್ಥಿಸುತ್ತಿದ್ದಳೋ. ನದಿಯ ಮೇಲೆ ಗಾಳಿ ಮತ್ತೆ ಎದ್ದಿತು. ನಾಲ್ಕು ಕೈಗಳ ನಡುವೆ ಹಾಳೆ ಮೆಲ್ಲಗೆ ಉಬ್ಬಿ, ಬಿಗಿದು, ಹಾಗೇ ನಿಂತಿತು.