ಅವಧಿ ಮೀರಿದವರು

ನನ್ನ ಕೆಲಸ ಬಹಳ ಸುಲಭದ್ದು. ವಯಸ್ಸಾದವರಿಗೆ ತಿಂಗಳಿಗೊಮ್ಮೆ ಫೋನ್ ಮಾಡಿ ಹೇಗಿದ್ದೀರಿ ಅಂತ ವಿಚಾರಿಸುವುದು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಇಷ್ಟು ನೇಮದಿಂದ ವಿಚಾರಿಸಲಾರರು. ಊಟ ಸೇರುತ್ತಾ, ನಿದ್ದೆ ಬರುತ್ತಾ, ಮೆಟ್ಟಿಲು ಹತ್ತುತ್ತೀರಾ, ಹೀಗೆ ಎಂಟು ಪ್ರಶ್ನೆ. ಕೆಲವರು ನನ್ನ ಫೋನಿಗಾಗಿಯೇ ಕಾದಿರುತ್ತಾರೆ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಅನ್ನುತ್ತಾರೆ. ಹಾಗನ್ನುವಾಗ ಉಸಿರು ತುಂಡಾದರೆ ನಾನು ಹಾಳೆಯ ಮೇಲೆ ಒಂದು ಗೀಟು ಎಳೆಯುತ್ತೇನೆ. ಕೆಮ್ಮಿಗೆ ಎರಡು. ಹೇಳಿದ್ದನ್ನೇ ಮತ್ತೆ ಹೇಳಿದರೆ ಮೂರು.

ವಿಷಯ ಇಷ್ಟೇ. ಇವರೆಲ್ಲ ಒಂದು ಕಾಲಕ್ಕೆ ಜೀವವಿಮೆ ಮಾಡಿಸಿದವರು, ಕೈ ಬಿಗಿಯಾದಾಗ ಆ ಪಾಲಿಸಿಯನ್ನು ನಮ್ಮ ಕಂಪನಿಗೆ ಮಾರಿದವರು. ಕಂಪನಿ ಕಾಲುಭಾಗ ಹಣವನ್ನು ಆಗಲೇ ಕೈಗೆ ಕೊಡುತ್ತದೆ, ಮುಂದಿನ ಕಂತುಗಳನ್ನು ತಾನೇ ಕಟ್ಟುತ್ತದೆ, ಅವರು ಸತ್ತಾಗ ಪೂರ್ತಿ ಮೊತ್ತ ಎತ್ತಿಕೊಳ್ಳುತ್ತದೆ. ಬೇಗ ಹೋದರೆ ಲಾಭ, ತಡವಾದರೆ ನಷ್ಟ. ಇಂಥ ಸಾವಿರ ಪಾಲಿಸಿಗಳನ್ನು ಒಂದು ಕಟ್ಟು ಮಾಡಿ, ಅದನ್ನು ಚೂರು ಚೂರಾಗಿ ಮಾರುತ್ತಾರೆ. ಕೊಳ್ಳುವವರೇನು ರಾಕ್ಷಸರಲ್ಲ. ಪಿಂಚಣಿ ನಿಧಿಗಳು, ಮೇಷ್ಟ್ರುಗಳ, ನರ್ಸುಗಳ, ಬಸ್ ಡ್ರೈವರುಗಳ ಮುಪ್ಪಿನ ಹಣ. ನನ್ನ ಸಂಬಳದಲ್ಲಿ ಕಡಿತವಾಗುವುದೂ ಅಲ್ಲಿಗೇ ಹೋಗುತ್ತದೆ. ಒಬ್ಬರ ಮುಪ್ಪು ಬೆಚ್ಚಗಿರಬೇಕಾದರೆ ಇನ್ನೊಬ್ಬರದು ಬೇಗ ಮುಗಿಯಬೇಕು. ಇದರಲ್ಲಿ ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ನನಗೆ ಭಯವಾಗುವುದೇ ಅದಕ್ಕೆ.

ಯಾರು ಯಾವ ತಿಂಗಳು ಹೋಗಬಹುದೆಂದು ಲೆಕ್ಕ ಹಾಕುವ ಅಧಿಕಾರಿಗೆ ನಾವು ಇಟ್ಟ ಹೆಸರು ಸರಾಸರಿ. ಸಭ್ಯ ಮನುಷ್ಯ, ಸೀನಿದರೂ ಕ್ಷಮೆ ಕೇಳುತ್ತಾನೆ. ಅವನು ಕೊಟ್ಟ ತಿಂಗಳು ದಾಟಿಯೂ ಬದುಕಿರುವವರ ಕಡತಕ್ಕೆ ಕೆಂಪು ಪಟ್ಟಿ ಅಂಟಿಸುತ್ತಾರೆ. ಅಂಥವರಿಗೆ ನಮ್ಮಲ್ಲಿ ‘ಅವಧಿ ಮೀರಿದವರು’ ಅನ್ನುತ್ತಾರೆ, ಬದುಕಿರುವುದೇ ಏನೋ ಬಾಕಿ ಉಳಿಸಿಕೊಂಡ ಹಾಗೆ. ಕಡತದ ಮೇಲೆ ಹೆಸರೂ ಫೋನ್ ನಂಬರೂ ಇರುವುದಿಲ್ಲ, ಬರೀ ಕಡತದ ನಂಬರು; ಅದನ್ನು ಒತ್ತಿದರೆ ಕರೆ ತಾನಾಗಿ ಹೋಗುತ್ತದೆ. ಹೆಸರು ಗೊತ್ತಾದರೆ ಕಿವಿ ಮೆತ್ತಗಾಗುತ್ತದೆ ಅನ್ನುವುದು ಸರಾಸರಿಯ ವಾದ.

ನಮ್ಮ ಫೋನ್ ಕೋಣೆಯಲ್ಲಿ ಎಂಟು ಜನ. ಒಂದು ವರ್ಷ ಕಳೆದರೆ ಈ ಕಿವಿ ಮನೆಗೂ ಬರುತ್ತದೆ. ನನ್ನ ಮಗಳು ನಿದ್ದೆಯಲ್ಲಿ ಕೆಮ್ಮಿದರೆ ನನ್ನ ಬೆರಳು ತಾನಾಗಿ ಹೊದಿಕೆಯ ಮೇಲೆ ಎರಡು ಗೀಟು ಎಳೆಯುತ್ತದೆ. ನನ್ನ ಪಕ್ಕ ಕೂರುವ ಹಿರಿಯಾಕೆಯಂತೂ ಲಿಫ್ಟಿನಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಯಾಕೆ ಅಂತ ಕೇಳಿದ್ದಕ್ಕೆ, ನೀವೆಲ್ಲ ಕೇಳಿಸಿಕೊಳ್ತಾ ಇರ್ತೀರಲ್ಲ ಅಂದಳು. ನಾವು ಯಾರೂ ನಗಲಿಲ್ಲ.

ಆ ತಿಂಗಳು ಒಂದು ಕಟ್ಟು ಮಾರಾಟಕ್ಕಿತ್ತು. ಕೊಳ್ಳುವ ನಿಧಿಯವರು ಗೀಟುಗಳ ಲೆಕ್ಕ ಕೇಳಿದ್ದರು. ಗೀಟು ಜಾಸ್ತಿ ಇದ್ದಷ್ಟೂ ಬೆಲೆ ಜಾಸ್ತಿ. ಅವಧಿ ಮೀರಿದ ಇಪ್ಪತ್ತಮೂರು ಜನ ಗಟ್ಟಿಮುಟ್ಟಾಗಿ ಕೂತು ಬೆಲೆ ಇಳಿಸಿದ್ದರು. ಮಾರಾಟ ಆಗದಿದ್ದರೆ ಫೋನ್ ಕೋಣೆ ಮುಚ್ಚಬೇಕಾಗುತ್ತದೆ ಎಂದು ಸರಾಸರಿ ಕ್ಷಮೆ ಕೇಳುತ್ತಲೇ ಹೇಳಿ, ಇಪ್ಪತ್ತಮೂರೂ ಕಡತಗಳನ್ನು ನನ್ನ ಮೇಜಿನ ಮೇಲಿಟ್ಟ. ನನ್ನ ಕಿವಿ ಎಲ್ಲರಿಗಿಂತ ಚುರುಕಂತೆ. ಎರಡು ತಿಂಗಳ ಬಾಡಿಗೆ ಬಾಕಿ ಬಿದ್ದಿತ್ತು. ಈ ಕೆಲಸ ಹೋದರೆ ನಾನೂ ಮಗಳೂ ಬೀದಿಗೆ ಬೀಳುವುದು ಖಂಡಿತ.

ನಾನೂರ ಹನ್ನೆರಡನೇ ನಂಬರಿಗೆ ಫೋನ್ ಮಾಡಿದೆ. ಬೇಗ ಹೇಳಿ, ಸೂಜಿಗೆ ದಾರ ಪೋಣಿಸ್ತಾ ಇದೀನಿ ಅಂದ ದನಿ ನನ್ನ ಸೋದರತ್ತೆಯದು. ಅಮ್ಮ ಹೋದ ಮೇಲೆ, ಕೈಗವಸು ಹೊಲಿದು ನನ್ನನ್ನು ಸಾಕಿ ಓದಿಸಿದವಳು. ಅವಳ ಹೊಸ ಹಲ್ಲಿನ ಸೆಟ್ಟೂ ಹೊಸ ಹೊಲಿಗೆ ಮಷಿನ್ನೂ ಯಾವ ದುಡ್ಡಿನಲ್ಲಿ ಬಂದವು ಅಂತ ನನಗೆ ಗೊತ್ತಾದದ್ದು ಆಗಲೇ. ಅವಳೂ ನನ್ನ ಗುರುತು ಹಿಡಿದಳು. ಆದರೆ ಎಲ್ಲ ಕರೆಗಳೂ ರೆಕಾರ್ಡ್ ಆಗುತ್ತವೆ; ನಾನು ‘ನೀವು’ ಅಂದ ಕೂಡಲೇ ಅವಳೂ ‘ಹೇಳಿ ಮೇಡಂ’ ಅಂದಳು. ಜಾಣೆ. ಮೂವತ್ತೊಂದು ಮೆಟ್ಟಿಲು ದಿನಕ್ಕೆರಡು ಸಲ ಹತ್ತುತ್ತಾಳಂತೆ, ಕೆಮ್ಮು ನೆಗಡಿ ಏನೂ ಇಲ್ಲವಂತೆ, ಹಲ್ಲು ಹೊಸದಾದ ಮೇಲೆ ಕಲ್ಲು ತಿಂದು ಕರಗಿಸುವ ವಯಸ್ಸು ವಾಪಸ್ ಬಂದಿದೆಯಂತೆ. ಒಂದೇ ಒಂದು ಗೀಟೂ ಬೀಳಲಿಲ್ಲ. ಅತ್ತೆ ಚೆನ್ನಾಗಿದ್ದಾಳೆ ಅಂತ ಹಿಗ್ಗುವುದಕ್ಕೆ ಮೊದಲೇ, ಛೆ, ಹಾಳೆ ಖಾಲಿ ಉಳಿಯಿತಲ್ಲ ಅನ್ನಿಸಿತು. ಥೂ ನನ್ನ ಜನ್ಮಕ್ಕೆ.

ಬಂಧುಗಳ ಕಡತ ಬಂದರೆ ವಾಪಸ್ ಕೊಡಬೇಕೆಂಬ ನಿಯಮವಿದೆ. ನಾನು ಕೊಡಲಿಲ್ಲ. ಅವಳನ್ನು ಇನ್ನೊಬ್ಬರ ಕಿವಿಗೆ ಒಪ್ಪಿಸಲು ಮನಸ್ಸಾಗಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಅವಳ ಮನೆಗೆ ಹೋದೆ. ಬಟ್ಟೆಯ ಗಂಟು ಹೊತ್ತು ಮೇಲೆ ಬಂದವಳು ಬಾಗಿಲಲ್ಲಿ ನಿಂತು ಒಮ್ಮೆ ಸುಧಾರಿಸಿಕೊಂಡಳು. ಅವಳು ನನ್ನ ಕೈಯನ್ನೇ ನೋಡುತ್ತಿದ್ದುದು ತಡವಾಗಿ ಗಮನಕ್ಕೆ ಬಂತು. ನನ್ನ ಉಗುರು ಅವಳ ಮೇಜಿನ ಮೇಲೆ ಗೀಟು ಎಳೆದಿತ್ತು. ಏನದು ಅಂದಳು. ಅವಳ ಮುಂದೆ ನಾನು ಯಾವತ್ತೂ ಸುಳ್ಳು ಹೇಳಿ ದಕ್ಕಿಸಿಕೊಂಡವಳಲ್ಲ. ಗೀಟು, ಕಟ್ಟು, ಕೆಂಪು ಪಟ್ಟಿ, ಬಾಡಿಗೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. ಅವಳು ಕೇಳಿದ್ದು ಒಂದೇ.

“ಕೆಮ್ಮಿಗೆ ಎಷ್ಟು ಅಂದೆ?”

ಮಾರಾಟಕ್ಕೆ ಮುಂಚೆ ಕೆಂಪು ಪಟ್ಟಿಯವರಿಗೆ ಇನ್ನೊಮ್ಮೆ ಕರೆ ಮಾಡಬೇಕಿತ್ತು. ನಾನೂರ ಹನ್ನೆರಡಕ್ಕೆ ಮಾಡಿದಾಗ ಆ ಕಡೆಯಿಂದ ಹೊಲಿಗೆ ಮಷಿನ್ನಿನ ಸದ್ದು ಬರುತ್ತಿತ್ತು. ನನ್ನ ದನಿ ಕೇಳಿ ನಿಂತಿತು. ಆಮೇಲೆ ಅತ್ತೆ ಕೆಮ್ಮತೊಡಗಿದಳು. ನಾಟಕ ಅಂತ ಗೊತ್ತಿದ್ದೂ ಎರಡು ಗೀಟು ಎಳೆದೆ. ಮೆಟ್ಟಿಲ ಪ್ರಶ್ನೆಗೆ ಎರಡು ಕಡೆ ಉಸಿರು ತುಂಡರಿಸಿದಳು. ಊಟದ ವಿಷಯ ಹೇಳಿದ್ದನ್ನೇ ಹೇಳಿದಳು. ಕೊನೆಗೆ ಮೆಲ್ಲಗೆ ಕೇಳಿದಳು.

“ಸಾಕಾ ಮೇಡಂ?”

“ನಿಮ್ಮ ಸಹಕಾರಕ್ಕೆ ಧನ್ಯವಾದ” ಅಂದೆ.

ಬೆಲೆ ಕುದುರಲು ಕೊರತೆಯಿದ್ದದ್ದು ಕೆಲವೇ ಗೀಟು, ಅತ್ತೆಯ ಹಾಳೆ ಅದನ್ನು ತುಂಬಿತು; ಕಟ್ಟು ಮಾರಾಟವಾಯಿತು. ಕೋಣೆ ಉಳಿಯಿತು, ಬಾಡಿಗೆಯೂ ತೀರಿತು. ನನ್ನ ಪಿಂಚಣಿ ನಿಧಿಯಿಂದ ಕಾಗದ ಬಂತು: ಈ ಸಲ ಬೆಳವಣಿಗೆ ಉತ್ತಮವಾಗಿದೆಯಂತೆ. ಅತ್ತೆಯ ಚೂರು ಯಾರ ಪಾಲಿಗೆ ಹೋಯಿತು ಅಂತ ಸರಾಸರಿಯನ್ನು ಕೇಳಿದೆ. ಹಾಗೆ ಬಿಡಿಸಿ ಹೇಳಲು ಬರುವುದಿಲ್ಲ, ಎಲ್ಲರ ಪಾಲಿನಲ್ಲೂ ಎಲ್ಲರೂ ಸ್ವಲ್ಪ ಸ್ವಲ್ಪ ಇರುತ್ತಾರೆ ಅಂದ. ಅವನು ಸುಳ್ಳು ಹೇಳುವವನಲ್ಲ.

ಕಟ್ಟು ಮಾರಿದ ಮೇಲೂ ತಿಂಗಳ ಕರೆ ನಮ್ಮದೇ; ಮುಂದಿನ ತಿಂಗಳು ನಾನೂರ ಹನ್ನೆರಡಕ್ಕೆ ಮತ್ತೆ ಫೋನ್ ಮಾಡಿದೆ. ಮಷಿನ್ನಿನ ಸದ್ದಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಕೆಮ್ಮು ಶುರುವಾಯಿತು. ಮಾರಾಟ ಮುಗಿದದ್ದನ್ನು ಅವಳಿಗೆ ಹೇಳಿದ್ದೆ, ಇನ್ನು ನಾಟಕ ಬೇಡ ಅಂತಲೂ ಹೇಳಿದ್ದೆ. ಒಳ್ಳೆಯ ಕಲಾವಿದೆ ಇವಳು, ಬಿಡಲಾರಳು ಅಂದುಕೊಂಡು ಕಾದೆ. ಕೆಮ್ಮು ನಿಲ್ಲಲಿಲ್ಲ. ರೆಕಾರ್ಡ್ ಆಗುತ್ತಿದೆ ಅನ್ನುವುದನ್ನೂ ಮರೆತೆ.

“ಸಾಕು ಅತ್ತೆ, ನಿಲ್ಲಿಸು.”

“ನಿಲ್ತಾ ಇಲ್ಲ ಕಣೇ” ಅಂದಳು.

ಕೆಳಗೆ ನೋಡಿದೆ. ಹಾಳೆಯ ಮೇಲೆ ಏಳು ಜೊತೆ ಗೀಟುಗಳಿದ್ದವು, ನನ್ನ ಕೈ ಎಂಟನೆಯದನ್ನು ಎಳೆಯುತ್ತಿತ್ತು.