ಕೇರಿಯನ್ನು ಕೊನೆಗೆ ಬರೆದ ಪಟ್ಟಿ

ಸೋಮಶೇಖರನ ಮೇಲಿನ ನನ್ನ ಸಿಟ್ಟು ಒಂದು ದಿನದ್ದಲ್ಲ. ನಮ್ಮೂರ ದೊಡ್ಡ ಮನೆಯವನು, ತೆಲುಗು ನಾಡಿನ ಗಡಿಯ ಜಹೀರಾಬಾದಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ತಾಂಡೂರಿನಲ್ಲಿ ಡಿಗ್ರಿ ಮುಗಿಸಿದ ನಾನು ಅಲ್ಲೇ ಕೆಲಸಕ್ಕಿದ್ದೆ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ನನ್ನವ್ವ ಭೂದೇವಿಯನ್ನು ನನ್ನೆದುರಿಗೇ "ಏ ಭೂದಿ" ಎನ್ನುತ್ತಿದ್ದ.

ತೆಲಂಗಾಣಕ್ಕಾಗಿ ನೌಕರರೆಲ್ಲ ಮುಷ್ಕರ ಹೂಡಿ ಕಚೇರಿಗಳಿಗೆ ಬೀಗ ಬಿದ್ದ ವರ್ಷ ಅದು. ಮುಷ್ಕರ ಮುಗಿದ ಮೇಲೆ, ಬಾಕಿ ಉಳಿದಿದ್ದ ನಮ್ಮೂರ ರೇಷನ್ ಕಾರ್ಡಿನ ಕೆಲಸ ಸೋಮಶೇಖರನಿಗೆ ಸಿಕ್ಕಿತು. ಅರ್ಜಿಯಲ್ಲಿರುವ ಮನೆ ನಂಬರು ಊರಿನ ಮನೆಪಟ್ಟಿಯಲ್ಲಿ ಸಿಕ್ಕರೆ ಕಾರ್ಡು ಉಳಿಯುತ್ತದೆ, ಸಿಗದಿದ್ದರೆ ರದ್ದು. ಅವನ ಅಕ್ಕನ ಮಗ ಪ್ರಸಾದ ಪ್ರೋಗ್ರಾಮ್ ಬರೆದ. ನಮ್ಮ ಕೇರಿಯ ಅರವತ್ತು ಮನೆಗಳಿಗೂ ಅದು "ಇಲ್ಲ" ಎಂದಿತು.

ಅವ್ವ ಕೂಲಿ ಬಿಟ್ಟು ಮೂರು ಸಲ ಜೀಪು ಹತ್ತಿ ಬಂದಳು. ಮೂರು ಸಲವೂ ಅದೇ ಉತ್ತರ.

"ಕಂಪ್ಯೂಟರಿನ್ಯಾಗ ನಿನ್ನ ಮನೀನೇ ಇಲ್ಲ ಭೂದಿ, ನಾ ಏನ್ ಮಾಡ್ಲಿ?"

ಪಕ್ಕದ ಮೇಜಿನಲ್ಲಿ ನಾನು ಹಲ್ಲು ಕಚ್ಚಿ ಕೂತಿದ್ದೆ. ಅವ್ವ ಹೋದ ಮೇಲೆ ಪ್ರಸಾದನ ಪ್ರೋಗ್ರಾಮ್ ತೆರೆದು ನೋಡಿದೆ.

ಹುಡುಕುವ ಕೆಲಸವನ್ನು ಅವನು ಫಂಕ್ಷನ್ ಎನ್ನುವ ಸಿದ್ಧ ಪ್ರೋಗ್ರಾಮ್ ತುಣುಕಿಗೆ ಒಪ್ಪಿಸಿದ್ದ. ಅದು ಮೊದಲಿನಿಂದ ಒಂದೊಂದೇ ನೋಡುತ್ತ ಕೂಡುವುದಿಲ್ಲ. ಪಟ್ಟಿಯ ನಡುವಿನ ನಂಬರು ನೋಡುತ್ತದೆ. ಬೇಕಾದದ್ದು ಅದಕ್ಕಿಂತ ಸಣ್ಣದಾದರೆ ಮೇಲಿನ ಅರ್ಧಕ್ಕೆ, ದೊಡ್ಡದಾದರೆ ಕೆಳಗಿನ ಅರ್ಧಕ್ಕೆ ಹೋಗಿ, ಅಲ್ಲಿ ಮತ್ತೆ ನಡು ನೋಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಆದರೆ ನಂಬರುಗಳು ಏರಿಕೆಯ ಕ್ರಮದಲ್ಲಿ ಇರಲೇಬೇಕು.

ನಮ್ಮೂರ ಪಟ್ಟಿ ಹಾಗಿರಲಿಲ್ಲ. ಗೋಡೆಗಳಿಗೆ ನಂಬರು ಬರೆದವರು ಬಸ್ ರಸ್ತೆಯಿಂದ ಶುರು ಮಾಡಿದ್ದರಿಂದ ಒಂದರಿಂದ ಅರವತ್ತು ಕೇರಿಗೇ ಬಂದಿದ್ದವು. ಪಟ್ಟಿ ಬರೆಯುವಾಗ ಮಾತ್ರ ಕೇರಿಯನ್ನು ಯಾರಾದರೂ ಮೊದಲು ಬರೆಯುತ್ತಾರೆಯೇ? ಅರವತ್ತೊಂದರಿಂದ ಇನ್ನೂರ ನಲವತ್ತರ ತನಕ ಊರು, ಆಮೇಲೆ ಕೊನೆಗೆ ಒಂದರಿಂದ ಅರವತ್ತು. ಅಜ್ಜಂದಿರ ಕಾಲದ ರೂಢಿ. ಅವ್ವನ ಹದಿನೇಳನೇ ನಂಬರಿಗಾಗಿ ಫಂಕ್ಷನ್ ಮೇಲೆ ಮೇಲೆ ಹೋಗುತ್ತಿತ್ತು. ಮನೆ ಇದ್ದದ್ದು ಕೆಳಗೆ.

ದೊಡ್ಡ ನಂಬರಿಗೆ ಕೆಳಗೆ ಹೋದರೆ ಮುಂದಿನ ನಡುವಿನಲ್ಲಿ ಕೇರಿಯ ಒಂದನೇ ನಂಬರು ಸಿಕ್ಕು, ಇನ್ನೂ ಕೆಳಗೇ ಹೋಗುತ್ತಿತ್ತು. ಈ ಎಡವಟ್ಟಿನಿಂದ ಊರಿನ ಕೊನೆಯ ಐವತ್ತೊಂಬತ್ತು ಮನೆಗಳೂ ಸಿಕ್ಕಿರಲಿಲ್ಲ. ಸೋಮಶೇಖರನ ಸ್ವಂತ ಮನೆ, ಇನ್ನೂರ ಹನ್ನೆರಡು, ಅವುಗಳಲ್ಲೊಂದು. ಅವಷ್ಟನ್ನೂ ಅವನು ಕೈಯಾರೆ ಅಂತಿಮ ಪಟ್ಟಿಗೆ ಸೇರಿಸಿದ್ದ. ಅಂದರೆ ತಪ್ಪು ಅವನಿಗೆ ಗೊತ್ತಿತ್ತು. ನನ್ನ ಮೈ ಉರಿದುಹೋಯಿತು.

ಕೇಳಿದ್ದಕ್ಕೆ ಅವನು ನಕ್ಕ. "ಸುಮ್ನ ಪರೇಶಾನ್ ಆಗ್ಬ್ಯಾಡ ಸುಜಾತಾ. ನಿಮ್ಮವ್ವಂದೊಂದು ಕೈಲೆ ಸೇರಸ್ತೀನಿ. ಉಳದೋರ ಉಸಾಬರಿ ನಿನಗ್ಯಾಕ? ಸೋಮವಾರ ಗ್ರಾಮಸಭಾದಾಗ ಪಟ್ಟಿ ಪಾಸ್ ಆತು ಅಂದ್ರ ಮುಗೀತು."

"ಆತ್ರಿ ಸರ," ಎಂದೆ. ಅವನ ಮಾನ ನಾಲ್ಕು ಜನರ ನಡುವೆ ಹೋಗಬೇಕಿತ್ತು. ಸೆಂಟರಿನ ನಾಲ್ಕು ಗೋಡೆಗಳ ನಡುವೆ ಹೋದರೆ ನನಗೆ ಸಾಲದು.

ಪಂಚಾಯಿತಿ ಕಟ್ಟಡದ ರಿಪೇರಿ ನಡೆದಿದ್ದರಿಂದ ಸಭೆ ನಮ್ಮ ಕೇರಿಯ ಬುದ್ಧವಿಹಾರದ ಮುಂದೆ ಸೇರಿತು. ಮಂಡಲ ಕಚೇರಿಯ ಸಾಹೇಬರು ಬಂದರು. ಸೋಮಶೇಖರ ಲ್ಯಾಪ್‌ಟಾಪ್ ತೆರೆದಿಟ್ಟ. ನಾನು ಎದ್ದು ನಿಂತೆ.

"ಸಾಹೇಬ್ರ, ಇನ್ನೂರಾ ಹನ್ನೆರಡು ಹುಡಕಸ್ರಿ."

ಪ್ರಸಾದ ಮಾವನ ಮುಖ ನೋಡಿದ. ಸಾಹೇಬರು ಗದರಿದ ಮೇಲೆ ಒತ್ತಿದ. "ಇಲ್ಲ" ಎಂದು ಬಂತು. ಮುಂದೆಯೇ ಕೂತಿದ್ದ ಸೋಮಶೇಖರನ ತಾಯಿ ಸಾವಿತ್ರೀಬಾಯಿಗೆ ಗಾಬರಿಯಾಯಿತು.

"ಏನೋ ಸೋಮ್ಯಾ, ನಮ್ಮ ಮನೀನೇ ಇಲ್ಲೇನು?"

ಇಡೀ ಕೇರಿ ಗೊಳ್ಳೆಂದು ನಕ್ಕಿತು. ನನ್ನ ಹೊಟ್ಟೆ ತಣ್ಣಗಾಯಿತು.

"ಸುಜಾತಾ, ಹೊರಗ ಬಾ, ಮಾತಾಡೂನು," ಎಂದು ಅವನು ಹಲ್ಲುಗಳ ನಡುವೆ ಉಸುರಿದ.

"ಇಲ್ಲೇ ಮಾತಾಡ್ರಿ."

ನಾನೇ ಸಾಹೇಬರಿಗೆ ತೆಲುಗಿನಲ್ಲಿ ಎಲ್ಲ ಬಿಡಿಸಿ ಹೇಳಿ, ಕೈಯಿಂದ ಸೇರಿಸಿದ ಐವತ್ತೊಂಬತ್ತು ಹೆಸರು ತೋರಿಸಿದೆ. ಪಟ್ಟಿಯನ್ನು ನಂಬರಿನ ಕ್ರಮಕ್ಕೆ ತರುವ ಒಂದೇ ಒಂದು ಸಾಲು ಸೇರಿಸಿ ಮತ್ತೆ ಓಡಿಸಿದೆ. ಅರವತ್ತೂ ಮನೆ ಸಿಕ್ಕವು. ಸಾಹೇಬರು ಆ ಅರವತ್ತು ಮನೆಯವರ ಹೆಸರುಗಳನ್ನು ಸಭೆಯಲ್ಲಿ ಓದಿ ದಾಖಲಿಸಲು ಹೇಳಿದರು. ಓದಲು ಪ್ರಸಾದ ಎದ್ದ.

"ನೀ ಕೂಡು," ಎಂದೆ. "ಸರನೇ ಓದ್ಲಿ. ಎಲ್ಲಾರಿಗೂ 'ಅವರು' ಹಚ್ಚಿ ಓದ್ಲಿ."

ಸಾಹೇಬರು ತಲೆಯಾಡಿಸಿದರು. ಸೋಮಶೇಖರ ನೆಲ ನೋಡುತ್ತ ಶುರು ಮಾಡಿದ. ಸಾಯಪ್ಪ ಅವರು. ಮೋನಮ್ಮ ಅವರು. ಹದಿನೇಳಕ್ಕೆ ಬಂದಾಗ ಅವನ ದನಿ ತಡವರಿಸಿತು. ನಾನು ಅವನನ್ನೇ ದಿಟ್ಟಿಸಿದೆ. "ಭೂದೇವಿ ಅವರು," ಎಂದ.

ನಲವತ್ತರ ಹೊತ್ತಿಗೆ ಗಂಟಲು ಒಣಗಿ ಕೆಮ್ಮತೊಡಗಿದ. ಅವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ತಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಈ ಹೊತ್ತಿನಲ್ಲಿ ಇವಳಿಗೇಕೆ ಈ ಕರುಣೆ ಎಂದು. ಅವಳು ತಂಬಿಗೆಯನ್ನು ಅವನ ಮುಂದೆ ಹಿಡಿದಳು. ಅವನ ಕೈ ಅರ್ಧದವರೆಗೆ ಬಂತು. ಅಷ್ಟರಲ್ಲಿ ತಾಯಿಯ ಕಡೆ ನೋಡಿದ. ಸಾವಿತ್ರೀಬಾಯಿ ಮುಖ ತಿರುಗಿಸಿದಳು. ಅವನು ಕೈ ಹಿಂದೆ ತೆಗೆದುಕೊಂಡ.

ಅವ್ವ ಅಲ್ಲಿಂದ ಕದಲಲಿಲ್ಲ. ಅವನ ಎದುರಿಗೇ ನಿಂತು ಆ ನೀರನ್ನು ತಾನೇ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಒಲ್ಲೆ ಅಂದ್ರ ಹಂಗೇ ಓದಪಾ," ಎಂದಳು. "ಇನ್ನ ಇಪ್ಪತ್ತು ಮನಿ ಅದಾವ."

ಅವನು ಒಡೆದ ದನಿಯಲ್ಲಿ ಇಪ್ಪತ್ತೂ ಓದಿದ.