ಇಂಟರ್ವಲ್ ಆದ ಮೇಲೆ

"ಇಂಟರ್ವಲ್ ತನಕಾ ನಾ ಏನೂ ಅನ್ನಂಗಿಲ್ಲ. ಆಮ್ಯಾಲಿಂದು ಬರೇ ರಗತ," ಎಂದು ನಿಜಗುಣಪ್ಪ ಮಾಸ್ತರರು ಬಶಿಗೆ ಚಹಾ ಸುರುವಿಕೊಂಡರು.

ಬೈಲಹೊಂಗಲದ ಟಾಕೀಜಿನ ಪಕ್ಕದಲ್ಲಿದ್ದ ಹಣಮಂತಪ್ಪನ ಕ್ಯಾಂಟೀನಿನಲ್ಲಿ ಮ್ಯಾಟಿನಿ ಬಿಟ್ಟ ಮಂದಿ ಕಿಕ್ಕಿರಿದಿದ್ದರು. ತೊಂಬತ್ತೇಳರ ಡಿಸೆಂಬರ್. ದೊಡ್ಡ ಊರುಗಳಲ್ಲಿ ಐವತ್ತು ದಿನ ಓಡಿ, ಮೈತುಂಬ ಗೆರೆ ಬಿದ್ದ ಮೇಲೆ ರೀಲುಗಳು ಇಲ್ಲಿಗೆ ಬಂದಿದ್ದವು. ಆದರೂ ಮೊದಲ ದಿನದ ಮೊದಲ ಆಟವೆಂದರೆ ಊರಿಗೆ ಊರೇ ಮುಗಿಬಿದ್ದಿತ್ತು.

"ಹಾಡು ಚಲೋ ಅದಾವ ಬಿಡ್ರಿ," ಎಂದ ಒಬ್ಬ. "ತಂಗಿ ಸಾಯೂ ಸೀನು ಭಾಳ ಎಳದಾರ," ಎಂದ ಇನ್ನೊಬ್ಬ. "ಆ ಬಾಟ್ಲಿ ಒಡದು ಎದ್ದು ನಿಂದರತಾನಲಾ, ಅದಕ್ಕ ರೊಕ್ಕಾ ವಸೂಲ್," ಎಂದು ಹಣಮಂತಪ್ಪ ರೊಕ್ಕದ ಗಲ್ಲೆಯ ಹಿಂದಿನಿಂದಲೇ ತೀರ್ಪು ಕೊಟ್ಟ.

ಸತ್ಯಪ್ಪ ಒಬ್ಬೊಬ್ಬರ ಮಾತಿಗೂ ಕಿವಿಗೊಟ್ಟು ಕೂತಿದ್ದ. ಅಂಗಡಿಗಳ ಬೋರ್ಡು, ಗಾಡಿಗಳ ನಂಬರ್ ಪ್ಲೇಟು ಬರೆಯುವುದು ಅವನ ಕಸುಬು. ಈ ಸಿನಿಮಾದ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷನಾಗಿ ಹನ್ನೆರಡು ವರ್ಷ. ಟಾಕೀಜಿನ ಎದುರು ನಿಂತ ಹದಿನಾಲ್ಕು ಅಡಿಯ ಬ್ಯಾನರನ್ನು ನಾಲ್ಕು ದಿನ ಕೂತು ಅವನೇ ಬರೆದಿದ್ದ. ಹೀರೋನ ಕೈಯಲ್ಲಿ ಮಚ್ಚು, ಮಚ್ಚಿನ ತುದಿಯಿಂದ ಎರಡು ಡಬ್ಬಿ ಕೆಂಪು ಬಣ್ಣ.

ಅವನು ಕಾಯುತ್ತಿದ್ದುದು ಜಹೀರನ ಮಾತಿಗೆ. ಜಹೀರ ಕಬ್ಬಿನ ಲಾರಿ ಡ್ರೈವರ್, ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಗಾಡಿಯನ್ನು ರಸ್ತೆಯ ಮೇಲೆಯೇ ನಿಲ್ಲಿಸಿ ಚಹಾಕ್ಕೆಂದು ಇಳಿದಿದ್ದ. ಸಾಲಿ ಬಿಟ್ಟಾಗಿನಿಂದ ಈ ಹೀರೋನ ಒಂದು ಸಿನಿಮಾವನ್ನೂ ಇವರಿಬ್ಬರು ಬೇರೆ ಬೇರೆಯಾಗಿ ನೋಡಿದವರಲ್ಲ. ಈ ಸಲ ಮಾತ್ರ ಜಹೀರ ಬೆಳಗಾವಿಗೆ ಹೋದಾಗ ಒಬ್ಬನೇ ನೋಡಿ ಬಂದಿದ್ದ. ಬಂದ ಮೇಲೂ ಆ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅದು ಸತ್ಯಪ್ಪನಿಗೆ ಮುಳ್ಳಿನಂತೆ ನಟ್ಟಿತ್ತು.

"ನೀ ಹೇಳಲೇ, ಹೆಂಗೈತಿ?"

"ಬ್ಯಾಡ ಬಿಡೋ ಸತ್ಯಾ."

"ಹೇಳಲೇ. ಎಲ್ಲಾರೂ ಹೇಳಾಕ ಹತ್ಯಾರ, ನಿನ್ನ ಬಾಯಿಗೇನಾಗೇತಿ?"

ಜಹೀರ ಕಪ್ಪು ಕೆಳಗಿಟ್ಟ. "ಹೋದ ವರ್ಷ ರಾಮದುರ್ಗ ರಸ್ತೆದಾಗ ಒಬ್ಬಾಂವಂಗ ಕುಡಗೋಲಿಲೆ ಹೊಡದಿದ್ರು. ನನ್ನ ಗಾಡ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದೆ. ಎಷ್ಟ ದೊಡ್ಡ ಆಳು! ದಾರಿ ತುಂಬ ಅವ್ವಾ, ಅವ್ವಾ ಅಂತ ಕೂಸಿನಂಗ ಅತ್ತಾ. ಉಚ್ಚಿ ಹೊಯ್ಕೊಂಡು ಚೊಣ್ಣ ಒದ್ದಿ ಆಗಿತ್ತು. ನಿಮ್ಮ ಹೀರೋ ಮೂವತ್ತು ಮಂದಿನ್ನ ಕಡದಾನ, ಒಬ್ಬಾವನರ ಅವ್ವಾ ಅಂದನೇನು? ಮಂದಿ ಸೀಟಿ ಹೊಡಿಯಾಕ ಹತ್ತಿದ್ರು, ನನಗ ಕೂಡಾಕ ಆಗಲಿಲ್ಲ. ಎದ್ದು ಹೊರಗ ಬಂದೆ."

"ಖರೇ ಐತಿ," ಎಂದು ಹಿಂದಿನಿಂದ ಯಾರೋ ಅಂದರು.

"ಅದು ಸಿನಿಮಾ ಲೇ!" ಸತ್ಯಪ್ಪನ ಧ್ವನಿ ಏರಿತು.

ತನ್ನ ಮಾತು ಭಾರವಾಯಿತೆಂದು ಜಹೀರನಿಗೇ ಮುಜುಗರವಾಗಿರಬೇಕು. ಹಗುರಗೊಳಿಸಲೆಂದು ನಕ್ಕ. "ಆತಪಾ, ಸಿನಿಮಾ. ಆದ್ರ ಅವಂಗೂ ವಯಸ್ಸಾತು. ಓಡಿದ್ರ ಹೊಟ್ಟಿ ಕುಣಿತೈತಿ. ನೀ ಬರದ ಬ್ಯಾನರಿನ್ಯಾಗಷ್ಟ ಹೊಟ್ಟಿ ಇಲ್ಲ ನೋಡು!"

ಕ್ಯಾಂಟೀನು ಗೊಳ್ಳೆಂದಿತು. ಮಾಸ್ತರರೂ ನಕ್ಕರು. ಸಂಘದ ಹುಡುಗರು ಮೋರೆ ಆಚೆ ತಿರುಗಿಸಿ ನಕ್ಕಿದ್ದನ್ನು ಸತ್ಯಪ್ಪ ಕಂಡ.

ಸೋಡಾ ಬಾಟಲಿ ಕೈಗೆ ಹೇಗೆ ಬಂತೆಂದು ಅವನಿಗೆ ಮುಂದೆಂದೂ ನೆನಪಾಗಲಿಲ್ಲ. ಮೇಜಿನ ಅಂಚಿಗೆ ಬಡಿದ. ಒಡೆಯಲಿಲ್ಲ, ಮೊಣಕೈವರೆಗೆ ಜುಮ್ಮೆಂದಿತು. ಅದಕ್ಕೂ ಯಾರೋ ನಕ್ಕರು. ಇನ್ನೊಮ್ಮೆ ಬಡಿದ. ಅರ್ಧ ಬಾಟಲಿ ಕೈಯಲ್ಲಿ ಉಳಿಯಿತು.

"ಏ ಸತ್ಯಾ, ಹುಚ್ಚ ಹಿಡದೈತೇನು?" ಎನ್ನುತ್ತ ಜಹೀರ ಬಲಗೈ ಅಡ್ಡ ಒಡ್ಡಿದ. ಗಾಜು ಅಂಗೈಗೆ ಇಳಿಯಿತು. ಸತ್ಯಪ್ಪ ಎಳೆದುಕೊಂಡ, ಅದು ಮಣಿಕಟ್ಟಿನವರೆಗೂ ಸೀಳುತ್ತ ಬಂತು.

ರಕ್ತ ಅವನು ಬರೆಯುವ ಬಣ್ಣದಂತೆ ಇರಲಿಲ್ಲ. ಬಿಸಿಯಾಗಿ ಅವನ ಮುಖಕ್ಕೇ ಸಿಡಿದು ಬಾಯೊಳಗೆ ಹೋಯಿತು. ಜಹೀರ ಚೀರಲಿಲ್ಲ. ತನ್ನ ಅಂಗೈಯೊಳಗೆ ಕಾಣುತ್ತಿದ್ದ ಬೆಳ್ಳನೆಯ ದಾರದಂಥದ್ದನ್ನು ನೋಡುತ್ತ ನೆಲಕ್ಕೆ ಕುಸಿದು, "ಗಾಡಿ... ಗಾಡಿ ಯಾರರ ಬದಿಗೆ ಹಚ್ಚರಿ, ಬಸ್ಸು ಬರೂದೈತಿ," ಎಂದ.

ಆಮೇಲೆ ಮಂದಿ ಸತ್ಯಪ್ಪನ ಮೇಲೆ ಬಿದ್ದರು. ಅವನ ಸಂಘದ ಹುಡುಗರೇ ಮೊದಲು ಹೊಡೆದರು. ಬೆಂಚಿನ ಹಲಗೆಯ ಏಟಿಗೆ ಎರಡು ಹಲ್ಲು ಹೋದವು. ರಸ್ತೆಗೆ ಎಳೆದು ಒದೆಯುವಾಗ ಅವನು ತಲೆ ಮುಚ್ಚಿಕೊಂಡು "ಯವ್ವಾ" ಎಂದು ಕೂಗಿಕೊಂಡ. ಪೊಲೀಸರು ಬರದಿದ್ದರೆ ಅವನ ಕತೆ ಅಲ್ಲಿಯೇ ಮುಗಿಯುತ್ತಿತ್ತೇನೋ.

ಹೊತ್ತು ಮುಳುಗುವುದರೊಳಗೆ ಬಜಾರದ ಶಟರುಗಳು ಇಳಿದವು. ಹೊಡೆದವನ ಹೆಸರು, ಹೊಡೆಸಿಕೊಂಡವನ ಹೆಸರು ಕೇಳಿದ ಮಂದಿಗೆ ಉಳಿದದ್ದನ್ನು ಕೇಳುವ ಗರಜೇ ಬೀಳಲಿಲ್ಲ. ಒಂದು ಓಣಿಯಲ್ಲಿ ಹೆಣ್ಣಿನ ವಿಷಯವೆಂದರು, ಇನ್ನೊಂದರಲ್ಲಿ ದೇವರ ವಿಷಯವೆಂದರು. ಸವದತ್ತಿ ಕಡೆಯ ಬಸ್ಸಿಗೆ ಕಲ್ಲು ಬಿತ್ತು.

ಠಾಣೆಯಲ್ಲಿ ಫೌಜದಾರರು ಮೂರು ಸಲ ಕೇಳಿದರು. "ಹದಿನೈದು ವರ್ಷದ ದೋಸ್ತ ಅಂತಿ. ಸಿನಿಮಾ ಸಲುವಾಗಿ ಕೈ ಸೀಳಿದಿ ಅಂತಿ. ಯಾರು ನಂಬಬೇಕಲೇ?"

ಅವರು ಫೋನಿಗೆಂದು ಎದ್ದಾಗ ಬಿಳಿ ಅಂಗಿಯ ಮುಖಂಡನೊಬ್ಬ ಬಗ್ಗಿ ಪಿಸುಗುಟ್ಟಿದ. "ಅಂವಾ ನಮ್ಮ ದೇವರಿಗೆ ಬೈದಾ ಅನ್ನು, ಸಾಕು. ಉಳಿದದ್ದು ನಾವು ನೋಡ್ಕೋತೇವಿ. ನಾಳಿ ಹಾರ ಹಾಕಿ ಹೊರಗ ಕರಕೊಂಡು ಬರತೇವಿ."

ಸತ್ಯಪ್ಪ ತಲೆ ಎತ್ತಿದ. ಆ ಒಂದು ಮಾತು ಆಡಿದರೆ ತಾನು ಬಚಾವು. ಮಂದಿ ನಕ್ಕದ್ದೂ ಅಳಿಸಿಹೋಗುತ್ತಿತ್ತು. ಬಾಯಿ ತುಂಬ ರಕ್ತದ ರುಚಿ. ಅದು ತನ್ನದೋ ಜಹೀರನದೋ ಗೊತ್ತಾಗುತ್ತಿರಲಿಲ್ಲ.

"ಬೈದಿಲ್ರಿ," ಎಂದ. "ಹೀರೋಗ ಹೊಟ್ಟಿ ಬಂದೈತಿ ಅಂದಾ."

"ಸರಿಯಾಗಿ ಇಚಾರ ಮಾಡು."

"ಹೊಟ್ಟಿ ಬಂದೈತಿ ಅಂದಾರಿ. ಅದು ಖರೇನೂ ಐತಿ."

ಮುಖಂಡ ಅವನ ಒಡೆದ ಮೋರೆಯನ್ನು ಹೇಸಿಕೊಂಡವನಂತೆ ನೋಡಿ ಎದ್ದುಹೋದ. ಅದೇ ಹೊತ್ತಿಗೆ ದವಾಖಾನೆಯಲ್ಲಿ ಜಹೀರನ ಮಂಚದ ಸುತ್ತ ನಿಂತವರೂ ಅಂಥದೇ ಮಾತು ಹೇಳಿಕೊಡುತ್ತಿದ್ದರು. ಅವನು ಬರೆಸಿದ್ದು ಇಷ್ಟೇ: "ನಾ ಸೆಕೆಂಡ್ ಹಾಫ್ ಚಲೋ ಇಲ್ಲ ಅಂದೆ. ಅಂವಂಗ ಸಿಟ್ಟು ಬಂತು." ಎರಡೂ ಹೇಳಿಕೆಗಳನ್ನು ಅಕ್ಕಪಕ್ಕ ಇಟ್ಟು ಓದಿದ ಫೌಜದಾರರು ಹೊರಬಂದು ಠಾಣೆಯ ಮುಂದೆ ನೆರೆದ ಮಂದಿಗೆ ವಿಷಯ ತಿಳಿಸಿದರು. ಯಾರೋ ಕಿಸಕ್ಕೆಂದು ನಕ್ಕರು. ಎರಡು ದಿನದಲ್ಲಿ ಶಟರುಗಳು ಮೇಲೆದ್ದವು.

ಹನ್ನೊಂದು ದಿನಕ್ಕೆ ಸತ್ಯಪ್ಪನಿಗೆ ಜಾಮೀನು ಸಿಕ್ಕಿತು. ಬೆಳಗಾವಿಯಲ್ಲಿ ಜಹೀರನ ಕೈಗೆ ಆಪರೇಶನ್ ಆಗಿತ್ತು. ಹೆಬ್ಬೆರಳು, ತೋರುಬೆರಳು ಇನ್ನು ಮಡಚುವುದಿಲ್ಲವೆಂದಿದ್ದರು. ಮಾಲೀಕ ಲಾರಿಯನ್ನು ಬೇರೆಯವನ ಕೈಗೆ ಕೊಟ್ಟಿದ್ದ.

ಮರುದಿನ ಮಧ್ಯಾಹ್ನ ಸತ್ಯಪ್ಪ ಜಹೀರನ ಮನೆಯ ಬಾಗಿಲಲ್ಲಿ ನಿಂತ. ಜಹೀರನ ಹೆಂಡತಿ ರೋಶನಬಿ ಒಳಗೆ ತಾಟು ಹಿಡಿದು ಕೂತಿದ್ದಳು.

"ಯಾಕ ಬಂದಿ?"

"ನೋಡಾಕ."

"ನೋಡು ಹಂಗಾರ. ಕಣ್ಣ ತುಂಬ ನೋಡು."

ಜಹೀರ ಗೋಡೆಗೆ ಒರಗಿದ್ದ. ಬಲಗೈ ಬಿಳಿ ಬಟ್ಟೆಯ ಗಂಟಾಗಿ ಮಡಿಲಲ್ಲಿತ್ತು. ರೋಶನಬಿ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಗಂಡನ ಬಾಯಿಯ ಹತ್ತಿರ ಒಯ್ದಳು. ಜಹೀರ ಒಮ್ಮೆ ಸತ್ಯಪ್ಪನ ಕಡೆ ನೋಡಿ, ತುಟಿ ಬಿಗಿದು ಮುಖ ಹೊರಳಿಸಿದ. ತುತ್ತು ಅವಳ ಬೆರಳ ತುದಿಯಲ್ಲೇ ನಿಂತಿತು.

ಸತ್ಯಪ್ಪ ಹೊಸ್ತಿಲಿನಿಂದ ಕೆಳಗಿಳಿದ. ಚಪ್ಪಲಿ ಮೆಟ್ಟಲಿಲ್ಲ. ಬಿಸಿಲಿಗೆ ಕಾದ ಪರಸಿ ಕಲ್ಲಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ, ಒಳಗೆ ಊಟ ಮುಗಿಯುವವರೆಗೂ ಹಾಗೆಯೇ ನಿಂತ.